ಅಕ್ಕನ ಅ, ಉಪ್ಪಿನ ಉ

ಅಪ್‌ಡೇಟ್ ಅಕ್ಕ ತೀರಿಕೊಂಡ ಮರುದಿನ ಅವಳ ಗೆಳತಿ ಮೊದಲು ಮಾಡಿದ ಕೆಲಸ ಫೋನು ತೆರೆದು ಅವಳ ದನಿ ಹುಡುಕಿದ್ದು. ಸಿಗಲಿಲ್ಲ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಕೇಳಿದ ದನಿ ಒಂದು ಚೂರೂ ಉಳಿದಿರಲಿಲ್ಲ. ಸಿಕ್ಕಿದ್ದೆಲ್ಲ ಬರಹ: "ಹೊರಟೆ", "ಊಟ ಆಯ್ತಾ", ಒಂದು ಹೆಬ್ಬೆರಳು, ಇನ್ನೊಂದು ಹೆಬ್ಬೆರಳು.

ಫೋನಿನ ತಪ್ಪಲ್ಲ. ತಾನು ಕಳಿಸಿದ ದನಿ ಮಾತ್ರ ಒಂದು ದಿನ ಇದ್ದು ತಾನಾಗಿ ಮಾಯವಾಗುವ ಹಾಗೆ ಅಕ್ಕನೇ ಮಾಡಿಟ್ಟಿದ್ದಳು. "ಹಳೇ ಸುದ್ದಿ ಅಂದ್ರೆ ಹಳೇ ಮಾತ್ರೆ ಕಣೇ. ಡ್ರಾಯರ್‌ನಲ್ಲಿ ಬಿದ್ದಿದ್ರೆ ಯಾರಾದ್ರೂ ನುಂಗಿಬಿಡ್ತಾರೆ" ಎನ್ನುತ್ತಿದ್ದಳು.

ಅಕ್ಕ ಇದ್ದದ್ದು ತನ್ನ ಭಾವನ ಫೋನ್ ರಿಪೇರಿ ಅಂಗಡಿಯ ಮುಂದಿನ ಕೌಂಟರಿನಲ್ಲಿ. ಹಿಂದೆ, ಪ್ಲೈವುಡ್ ಗೋಡೆಯ ಆಚೆ, ಭೂತಗನ್ನಡಿಯ ದೀಪದಡಿ ಭಾವ ಬಗ್ಗಿ ಕೂತಿರುತ್ತಿದ್ದರು. ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಔಷಧಿ ಬಾಟಲಿಯ ಮುಚ್ಚಳಗಳಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಮುಂದೆ ಅಕ್ಕ. ಬಂದವರ ಫೋನಿನ ಜ್ವರ, ನೆಗಡಿ, ಬಿದ್ದ ಕಥೆ ಎಲ್ಲ ಕೇಳಿ, ಚೀಟಿ ಅಂಟಿಸಿ, ಒಳಗೆ ಕೊಡುವುದು ಅವಳ ಕೆಲಸ. ಎಲ್ಲರೂ ಕೇಳುವ ಪ್ರಶ್ನೆ ಒಂದೇ ಎಂದು ಅವಳಿಗೆ ಬೇಗ ಗೊತ್ತಾಯಿತು. ಈ ಸಂದೇಶ ನಿಜವಾ, ಈ ಅಪ್‌ಡೇಟ್ ಹಾಕಿಕೊಳ್ಳಲಾ, ಇದನ್ನು ಒತ್ತಲಾ ಬೇಡವಾ. ಒಬ್ಬೊಬ್ಬರಿಗೆ ಹೇಳಿ ಗಂಟಲು ಕಟ್ಟಿದ ಮೇಲೆ, ಅಂಗಡಿಯ ಶಟರ್ ಎತ್ತುವ ಮುಂಚೆ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಒಟ್ಟಿಗೆ ಒಂದು ದನಿ ಸಂದೇಶ ಕಳಿಸತೊಡಗಿದಳು. ಮೊದಲು ಕೇಳಿದವರು ಅಂಗಡಿಯ ಗಿರಾಕಿಗಳು. ಆಮೇಲೆ ಅವರ ಅತ್ತೆಯಂದಿರು, ಮನೆ ಮೇಲಿನ ಬಾಡಿಗೆಯವರು, ಆಫೀಸಿನವರು. ಎಪ್ಪತ್ತು ದಾಟಿದವರಿಗೂ ಅವಳು ಅಪ್‌ಡೇಟ್ ಅಕ್ಕನೇ ಆದಳು.

"ಹೊಸ ಫೋನು ಬಂದಿದೆ, ಮೂರು ಮಡಿಕೆ ಮಡಿಸಬಹುದಂತೆ. ನಮ್ಮನೆ ಬೆಡ್‌ಶೀಟೂ ಮಡಿಸಬಹುದು. ಅದಕ್ಕೆ ಯಾರೂ ಚಪ್ಪಾಳೆ ಹೊಡೆದಿಲ್ಲ." ಹೀಗೆ ಶುರುವಾಗುತ್ತಿತ್ತು. "ಹಾಲು ಮುಗಿದಿದೆ ಅಂತ ಹೇಳೋ ಫ್ರಿಜ್ಜು ಬಂದಿದೆಯಂತೆ. ಬಾಗಿಲು ತೆಗೆದ್ರೆ ನಮ್ಮ ಫ್ರಿಜ್ಜೂ ಹೇಳುತ್ತೆ." ಕಂಪನಿಗಳ ಷರತ್ತುಗಳ ಉದ್ದನೆಯ ಪುಟದ ಬಗ್ಗೆ ಒಮ್ಮೆ ಹೇಳಿದ್ದು ಊರೆಲ್ಲ ಓಡಾಡಿತು: "ಅದನ್ನ ಪೂರ್ತಿ ಓದಿರೋರು ಲೋಕದಲ್ಲಿ ಇಬ್ಬರೇ. ಒಬ್ಬ ಬರೆದೋನು, ಇನ್ನೊಬ್ಬಳು ನಾನು. ಬರೆದೋನ ಬಗ್ಗೆ ನಂಗೆ ಅನುಮಾನ ಇದೆ."

ಭಾವನಿಗೆ ಇದು ತಲೆನೋವು. "ಇರೋ ಫೋನೇ ಸಾಕು ಅಂತ ನೀನು ದಿನಾ ಬೆಳಿಗ್ಗೆ ಹೇಳ್ತಿದ್ರೆ, ನಾನು ಹೊಸದನ್ನ ಯಾರಿಗೆ ಮಾರ್ಲಿ?"

"ಹಳೇದು ರಿಪೇರಿಗೆ ಬರುತ್ತಲ್ಲ ಭಾವ. ಅದೂ ನಿಮ್ಮ ಹತ್ರಾನೇ."

ಪದಗಳನ್ನು ಅವಳೇ ಕಟ್ಟಿಕೊಡುತ್ತಿದ್ದಳು. ಏರೋಪ್ಲೇನ್ ಗುರುತು ಒತ್ತಿ ಫೋನಿನ ಸಂಪರ್ಕ ಕಡಿದುಹಾಕುವುದಕ್ಕೆ "ವಿಮಾನ ಹತ್ತೋದು", ಮತ್ತೆ ಸಂಪರ್ಕಕ್ಕೆ ಬರುವುದಕ್ಕೆ "ವಿಮಾನ ಇಳಿಯೋದು". ಎರಡು ಪದಗಳನ್ನು ಮಾತ್ರ ಅವಳು ತನ್ನ ಸಂದೇಶದಲ್ಲಿ ಬಾಯಿಗೆ ತರುತ್ತಿರಲಿಲ್ಲ. ಉಳಿಸು, ಅಳಿಸು. ಹಿಂದೊಮ್ಮೆ "ಫೋಟೋ ಉಳಿಸಿ" ಎಂದದ್ದು ಎದುರುಮನೆಯ ಅತ್ತೆಯ ಗೊರಗೊರ ಸ್ಪೀಕರಿನಲ್ಲಿ "ಅಳಿಸಿ" ಎಂದು ಕೇಳಿಸಿ, ಮೊಮ್ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಹೋಗಿದ್ದವು. ಸೊಸೆ ಅತ್ತೆಯ ಜತೆ ಮಾತು ಬಿಟ್ಟಳು, ಅತ್ತೆ ಅಕ್ಕನ ಜತೆ. ಒಂದಕ್ಷರದಲ್ಲಿ ಒಂದು ಮನೆಯ ಮಾತು ನಿಂತುಹೋಗುವುದಾದರೆ ಆ ಪದಗಳ ಸಹವಾಸವೇ ಬೇಡ ಎಂದು, ಅಂದಿನಿಂದ ಅವಳು ಮೇಲಿನದು, ಕೆಳಗಿನದು, ಹಸಿರು, ಕೆಂಪು ಎಂದೇ ಹೇಳುತ್ತಿದ್ದಳು.

ದನಿಪೆಟ್ಟಿಗೆ ಮುಚ್ಚುವ ದಿನವೂ ಹಾಗೆಯೇ ಹೇಳಿದಳು.

ದನಿಪೆಟ್ಟಿಗೆ ಎಂದರೆ ಜನ ತಮ್ಮ ದನಿ ಸಂದೇಶಗಳನ್ನು ಕಂಪನಿಯೊಂದರ ಬಳಿ ಜೋಪಾನವಾಗಿ ಇಟ್ಟುಕೊಳ್ಳುವ ಆಪ್. ಆ ಕಂಪನಿ ನಷ್ಟದಲ್ಲಿ ಬಾಗಿಲು ಹಾಕುತ್ತಿತ್ತು. ಸಂಜೆ ಆರಕ್ಕೆ ಆಪ್ ನಿಲ್ಲುತ್ತದೆ, ಬೇಕಾದವರು ಅಷ್ಟರೊಳಗೆ ತಮ್ಮದನ್ನು ಫೋನಿಗೆ ಇಳಿಸಿಕೊಳ್ಳಬಹುದು ಎಂದು ಕೊನೆಯ ದಿನದ ಬೆಳಿಗ್ಗೆ ಪರದೆಯ ಮೇಲೆ ಎರಡು ಗುಂಡಿ ಬಂದವು. ಒಂದರ ಕೆಳಗೊಂದು, ಒಂದೇ ಅಳತೆ, ಒಂದೇ ಬೂದು ಬಣ್ಣ. ಮೇಲೆ "ಉಳಿಸು", ಕೆಳಗೆ "ಅಳಿಸು".

ಅಕ್ಕ ತನ್ನ ಫೋನಿನಲ್ಲಿ ಒತ್ತಿ ನೋಡಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಎರಡು ಗುಂಡಿ ಕಾಣುತ್ತೆ. ಕಣ್ಣು ಮುಚ್ಕೊಂಡು ಮೇಲಿನದು ಒತ್ತಿ. ಕೆಳಗಿನದರ ತಂಟೆಗೆ ಹೋಗಬೇಡಿ." ಆ ದಿನಗಳಲ್ಲಿ ಅವಳನ್ನು ಒಂದು ಒಣಕೆಮ್ಮು ಹಿಡಿದಿತ್ತು. ಮಾತಿನ ನಡುವೆ ಕೆಮ್ಮು ಬಂದರೆ ಅದನ್ನು ಬಿಸಾಕಿ ಮೊದಲಿನಿಂದ ಹೇಳುತ್ತಿದ್ದಳು. ಅವತ್ತೂ ಎರಡು ಸಲ ಬಿಸಾಕಿ, ಮೂರನೆಯದನ್ನು ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಒಡೆದ ಗಾಜಿನ ಹಳೆಯ ಫೋನು ಹಿಡಿದು ಟೀಚರಮ್ಮ ಒಬ್ಬರು ಬಂದರು.

"ನೀವು ಹೇಳಿದ ಹಾಗೇ ಮೇಲಿನದು ಒತ್ತಿದೆ ಕಣಮ್ಮ. ಎಲ್ಲಾ ಕ್ಲೀನ್ ಆಯ್ತು. ಹಗುರ ಅನ್ನಿಸ್ತು ನೋಡಿ."

ಚೀಟಿ ಬರೆಯುತ್ತಿದ್ದ ಅಕ್ಕನ ಕೈ ನಿಂತಿತು. "ಕ್ಲೀನ್ ಅಂದ್ರೆ?"

"ಎಲ್ಲಾ ಹೋಯ್ತು. ಶಾಲೆಯ ಮೀಟಿಂಗು, ಸಾಮಾನಿನ ಪಟ್ಟಿ, ಆ ಹೆಡ್‌ಮಾಸ್ಟರ ಬೈಗುಳ, ಎಲ್ಲಾ. ಅದಕ್ಕೇ ಅಲ್ವಾ ನೀವು ಹೇಳಿದ್ದು?"

ಅಕ್ಕ ಅವರ ಫೋನು ತೆಗೆದುಕೊಂಡಳು. ಬಿರುಕಿನ ಹಿಂದೆ ಒಂದೇ ಸಾಲು ಇತ್ತು: ಅಳಿಸಲಾಗಿದೆ. ಅವಳು ಪ್ಲೈವುಡ್ಡಿನ ಆಚೆ ಹೋಗಿ, ಭಾವ ಪರೀಕ್ಷೆಗೆ ಇಟ್ಟುಕೊಂಡಿದ್ದ ಹಳೆಯ ಫೋನೊಂದರಲ್ಲಿ ತನ್ನ ದನಿಪೆಟ್ಟಿಗೆ ತೆರೆದಳು. ಎರಡು ಗುಂಡಿ. ಮೇಲೆ "ಅಳಿಸು", ಕೆಳಗೆ "ಉಳಿಸು". ಹಳೆಯ ಫೋನುಗಳಿಗೆ ಕಂಪನಿ ಆಪ್‌ನ ಹಳೆಯ ರೂಪವನ್ನೇ ಬಿಟ್ಟಿತ್ತು. ಅದರಲ್ಲಿ ಗುಂಡಿಗಳು ತಲೆಕೆಳಗಾಗಿದ್ದವು. ಇರೋ ಫೋನೇ ಸಾಕು ಎಂದು ಅವಳ ಮಾತು ನಂಬಿ ಹಳೆಯದನ್ನೇ ಇಟ್ಟುಕೊಂಡವರ ಕೈಯಲ್ಲೆಲ್ಲ ಇದ್ದದ್ದು ಇದೇ.

"ಏನಾಯ್ತು?" ಎಂದರು ಭಾವ, ಭೂತಗನ್ನಡಿಯಿಂದ ಕಣ್ಣೆತ್ತದೆ.

"ನಾನು ಜನಕ್ಕೆ ಅಳಿಸಿ ಅಂತ ಹೇಳಿಬಿಟ್ಟಿದೀನಿ."

ಅವಳು ಅಲ್ಲೇ ನಿಂತು ಇನ್ನೊಂದು ಸಂದೇಶ ಕಳಿಸಿದಳು. ಈ ಸಲ ಆ ಎರಡೂ ಪದ ಹೇಳಲೇಬೇಕಿತ್ತು. "ಬೆಳಿಗ್ಗೆ ಹೇಳಿದ್ದು ತಪ್ಪು. ನನ್ನದೇ ತಪ್ಪು. ಮೇಲೆ ಕೆಳಗೆ ಬಿಟ್ಟುಬಿಡಿ, ಅಕ್ಷರ ನೋಡಿ. ಅಕ್ಕನ ಅ ಇದ್ರೆ ಒತ್ತಬೇಡಿ. ಉಪ್ಪಿನ ಉ ಇದ್ರೆ ಒತ್ತಿ. ಅಕ್ಕನ್ನ ಬಿಡಿ, ಉಪ್ಪನ್ನ ಹಿಡೀರಿ. ತಿಳಿಯದಿದ್ರೆ ಏನೂ ಮುಟ್ಟದೆ ನಂಗೆ ಫೋನ್ ಮಾಡಿ."

ಆಮೇಲೆ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. ಹೆಚ್ಚಿನವರ ಬಳಿ ದನಿಪೆಟ್ಟಿಗೆಯೇ ಇರಲಿಲ್ಲ. "ಬೆಳಿಗ್ಗೆದು ಇನ್ನೂ ಕೇಳೇ ಇಲ್ಲ ಅಕ್ಕ, ಬೈಬೇಡಿ" ಎಂದ ಹೂವಿನಂಗಡಿಯವಳಿಗೆ, "ಬೈಯಲ್ಲ ತಾಯಿ. ನೀನು ಸೋಮಾರಿ ಆಗಿದ್ದೇ ಪುಣ್ಯ" ಎಂದಳು. ಒಬ್ಬರದು ಹೋಗಿತ್ತು. ವಾಪಸ್ ತರೋ ದಾರಿ ಇದೆಯಾ ಎಂದು ಅವರು ಎರಡು ಸಲ ಕೇಳಿ, "ಹೋಗ್ಲಿ ಬಿಡಿ, ಅಂಥದ್ದೇನಿರಲಿಲ್ಲ" ಎಂದರು. ಅಂಥದ್ದೇನೋ ಇತ್ತೆಂದು ಆ ಪ್ರಶ್ನೆಯಲ್ಲೇ ಗೊತ್ತಾಯಿತು.

ಪಟಪಟನೆ ಕೆಳಗೆ ಸರಿಸುತ್ತಿದ್ದ ಅವಳ ಬೆರಳು ಡ್ರೈವರ್ ಮಾವನ ಹೆಸರಿನ ಮೇಲೆ ನಿಂತಿತು.

ಮಾವನದೂ ಹಳೆಯ ಫೋನೇ. ಬೆಳಗಿನ ಸಂದೇಶಕ್ಕೆ ಎರಡು ನೀಲಿ ಗೀಟು. ಕೇಳಿದ್ದಾರೆ. ಈಗಿನದಕ್ಕೆ ಒಂದೇ ಗೀಟು. ತಲುಪಿಲ್ಲ. ಕರೆ ಮಾಡಿದರೆ ಸಂಪರ್ಕದಲ್ಲಿಲ್ಲ ಎಂಬ ಹೆಣ್ಣುದನಿ.

ಮಾವ ವಿಮಾನದಲ್ಲಿದ್ದರು. ಬ್ಯಾಂಕಿನ ಸಾಹೇಬರೆಂದು ಹೇಳಿಕೊಂಡು ಕಳ್ಳರು ಅವರಿಗೆ ಮೇಲಿಂದ ಮೇಲೆ ಕರೆ ಮಾಡುತ್ತಿದ್ದಾಗ, ಬೆಳಿಗ್ಗೆ ಸಂದೇಶ ಕೇಳಿ ಆದ ಮೇಲೆ ವಿಮಾನ ಹತ್ತಿಬಿಡಿ, ಸಂಜೆ ಇಳೀರಿ ಎಂದು ಹೇಳಿಕೊಟ್ಟದ್ದು ಅಕ್ಕನೇ. ಹೇಳಿದ್ದನ್ನು ಅಕ್ಷರಶಃ ಪಾಲಿಸುವವರು ಅವಳ ಕೇಳುಗರಲ್ಲಿ ಒಬ್ಬರೇ ಇದ್ದರು. ಜೀವನವಿಡೀ ಕೆಂಪು ದೀಪಕ್ಕೆ ಬಸ್ಸು ನಿಲ್ಲಿಸಿದ ಮನುಷ್ಯ.

ಅವರ ದನಿಪೆಟ್ಟಿಗೆಯಲ್ಲಿ ಏನಿದೆಯೆಂಬುದೂ ಅವಳಿಗೆ ಗೊತ್ತಿತ್ತು. ಮಾವ ಬಸ್ಸು ಓಡಿಸುವಾಗ ಫೋನು ಎತ್ತುತ್ತಿರಲಿಲ್ಲ. ಆದ್ದರಿಂದ ಅವರ ಹೆಂಡತಿ ಹೇಳಬೇಕಾದ್ದನ್ನೆಲ್ಲ ದನಿ ಮಾಡಿ ಕಳಿಸುತ್ತಿದ್ದರು. ಗ್ಯಾಸ್ ಮುಗಿದದ್ದು, ಮಗನಿಗೆ ಜ್ವರ ಬಿಟ್ಟದ್ದು, ಕೆಳಗಿನ ಮನೆಯವರ ಜಗಳ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಮಾವ ಎಲ್ಲವನ್ನೂ ಒಟ್ಟಿಗೆ ಕೇಳುತ್ತಿದ್ದರು. ಹೆಂಡತಿ ಹೋದ ಮೇಲೆ ಅವರ ಆಗಿನ ಫೋನು ಕೈಕೊಟ್ಟಾಗ, ಅದರಿಂದ ಒಂದೊಂದೇ ದನಿಯನ್ನು ಎತ್ತಿ ಪೆಟ್ಟಿಗೆಗೆ ಹಾಕಿಕೊಟ್ಟವಳು ಅಕ್ಕ. "ಇಲ್ಲಿ ಭದ್ರ ಮಾವ" ಎಂದಿದ್ದಳು.

"ಭಾವ, ನಾನು ಹೋಗ್ಬರ್ತೀನಿ."

"ಎಲ್ಲಿಗೆ? ಜನ ನಿಂತಿದಾರೆ."

"ನಿಲ್ಲಲಿ."

ಬಸ್ಸು ಸಿಕ್ಕಿತು, ಓಡಲಿಲ್ಲ. ದಾರಿಯಲ್ಲೊಂದು ಲಾರಿ ಅಡ್ಡ ನಿಂತು ಎರಡೂ ಕಡೆಯ ಗಾಡಿಗಳು ಕೂಗುತ್ತಿದ್ದವು. ಕಿಟಕಿಯ ಕಂಬಿಗೆ ಹಣೆಯಿಟ್ಟು ಅಕ್ಕ ಆ ಒಂದು ಗೀಟನ್ನೇ ನೋಡುತ್ತ ಕೂತಳು. ಎರಡಾಗಲಿ ಎಂದೊಮ್ಮೆ ಬೇಡಿದಳು. ಎರಡಾದರೆ ಮಾವ ಅವಳ ಮಾತು ಕೇಳುತ್ತಾರೆ. ಮರುಗಳಿಗೆಯೇ, ಒತ್ತಿ ಆಗಿದ್ದರೆ ಕೇಳಿ ಏನು ಪ್ರಯೋಜನ ಎಂದು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಮುಂದಿನ ನಿಲ್ದಾಣಕ್ಕೆ ಕಾಯದೆ ಇಳಿದು ನಡೆದಳು. ಕೆಮ್ಮು ಜತೆಗೇ ನಡೆಯಿತು.

ಬಾಗಿಲು ತೆಗೆದದ್ದು ಮಾವನ ಸೊಸೆ, ಕೈಯಲ್ಲಿ ಅರ್ಧ ಮಡಿಸಿದ ಬಟ್ಟೆ.

"ಮಾವನೋರು ಕಟಿಂಗ್‌ಗೆ ಹೋದ್ರು ಅಕ್ಕ. ಬನ್ನಿ, ಕೂತ್ಕೊಳ್ಳಿ. ಏನು ಹೀಗೆ ಬೆವರಿದೀರಿ?"

"ಬೆಳಿಗ್ಗೆ ನಾನು ಹೇಳಿದ್ದು ಕೇಳಿದ್ರಾ ಅವರು?"

"ಅಯ್ಯೋ, ನೀವು ಹೇಳಿದ್ದನ್ನ ಅವರು ಬಿಡ್ತಾರಾ? ಮೇಲಿನದು ಒತ್ತಿಬಿಟ್ಟೆ, ಇನ್ನು ಚಿಂತೆಯಿಲ್ಲ ಅಂತ ನಂಗೂ ಹೇಳಿದ್ರು."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸೊಸೆ ಮುಂದುವರಿಸಿದಳು. "ಆದ್ರೆ ಅದೇನೋ 'ಕಾಯಿರಿ' ಅಂತಾನೇ ತೋರಿಸ್ತಿದೆಯಂತೆ. ಕಟಿಂಗ್ ಶಾಪಿನವನಿಗೆ ತೋರಿಸ್ತೀನಿ ಅಂತ ಫೋನ್ ತಗೊಂಡೇ ಹೋದ್ರು. ಅವನು ಫೋನಲ್ಲಿ ಬಲು ಚುರುಕು."

"ಕಾಯಿರಿ ಅಂತಿದೆಯಾ?"

"ಹೂಂ. ಕಾಯಿರಿ."

ವಿಮಾನ ಹತ್ತಿದ ಮೇಲೆ ಒತ್ತಿದ್ದಾರೆ. ಅಳಿಸು ಎಂಬ ಆಜ್ಞೆ ಇನ್ನೂ ಫೋನಿನಿಂದ ಹೊರಗೆ ಹೋಗಿಲ್ಲ, ಹೊಸ್ತಿಲಲ್ಲೇ ನಿಂತಿದೆ. ಸಂಪರ್ಕ ಬಂದ ಕೂಡಲೇ ಹೊರಡುತ್ತದೆ. ಕಟಿಂಗ್ ಶಾಪಿನವನು ಚುರುಕಾಗಿದ್ದರೆ ಮೊದಲು ಮಾಡುವ ಕೆಲಸವೇ ಅದು. ಅಕ್ಕ ಮೆಟ್ಟಿಲು ಇಳಿದದ್ದು ಸೊಸೆಗೆ ಕಾಣಲೇ ಇಲ್ಲ, ಚಪ್ಪಲಿಯ ಸದ್ದಷ್ಟೇ ಕೇಳಿಸಿತು.

ಕಟಿಂಗ್ ಶಾಪು ಬೀದಿಯ ಕೊನೆಯಲ್ಲಿ. ಎರಡು ಕುರ್ಚಿ, ಎದುರುಬದುರು ಕನ್ನಡಿ. ಮಾವ ಕೊರಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ಒಂದು ಪಕ್ಕದ ಕೂದಲು ಮಾತ್ರ ಕತ್ತರಿಸಿಕೊಂಡು ಕೂತಿದ್ದರು. ಕಟಿಂಗ್‌ನವನ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಮಾವನ ಫೋನು.

"ಇಲ್ನೋಡಿ, ನೀವಿನ್ನೂ ವಿಮಾನದಲ್ಲೇ ಕೂತಿದೀರಿ," ಎನ್ನುತ್ತಿದ್ದ ಅವನು. "ಆಕಾಶದಲ್ಲಿ ಕೂತ್ಕೊಂಡು ಕೆಳಗಿನ ಕೆಲಸ ಆಗ್ಲಿಲ್ಲ ಅಂದ್ರೆ ಹೇಗಾಗುತ್ತೆ? ಇಳಿಸಿಬಿಡ್ತೀನಿ ತಾಳಿ."

"ಸಂಜೆ ಇಳೀಬೇಕು ಅಂತ ಅಕ್ಕ ಹೇಳಿದಾಳೆ."

"ಅಕ್ಕ ಏನೂ ಅನ್ನಲ್ಲ." ಅವನ ಹೆಬ್ಬೆರಳು ಗಾಜಿನ ಮೇಲಿಂದ ಕೆಳಕ್ಕೆ ಎಳೆಯಿತು. ಗುಂಡಿಗಳ ಸಾಲು ಇಳಿದುಬಂತು.

"ಮುಟ್ಟಬೇಡ."

ಬಾಗಿಲಲ್ಲಿ ನಿಂತ ಅಕ್ಕನಲ್ಲಿ ಕೂಗಲು ಉಸಿರೇ ಇರಲಿಲ್ಲ, ಮೆಲ್ಲಗೇ ಹೇಳಿದಳು. ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ಅಕ್ಕ ಎರಡೂ ಕೈ ಚಾಚಿ, ಎಳೆಗೂಸನ್ನು ಎತ್ತಿಕೊಳ್ಳುವ ಹಾಗೆ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು: ಅಳಿಸಲು ಕೋರಿದ್ದೀರಿ, ಸಂಪರ್ಕ ಬರುವವರೆಗೆ ಕಾಯಿರಿ. ಮಾವನ ಕಣ್ಣಿಗೆ ಕಂಡದ್ದು ಕೊನೆಯ ಪದವೊಂದೇ.

"ಏನಾಯ್ತು ಅಕ್ಕಾ?" ಎಂದರು ಮಾವ. "ನೀನು ಹೇಳಿದ್ದೇ ಮಾಡಿದೀನಿ. ಮೇಲಿನದು."

"ಹೌದು ಮಾವ. ನಾನು ಹೇಳಿದ್ದೇ ತಪ್ಪು. ನಿಮ್ಮ ಫೋನಲ್ಲಿ ಮೇಲಿರೋದು ಬೇರೆ. ಅದು ಇಟ್ಕೊಳ್ಳೋದಲ್ಲ, ತೆಗೆದುಹಾಕೋದು."

ಮಾವ ಕನ್ನಡಿಯಲ್ಲಿ ತಮ್ಮ ಅರ್ಧ ತಲೆಯನ್ನೇ ನೋಡಿದರು. "ಹೋದಳಾ?"

ಹೋಯ್ತಾ ಎನ್ನಲಿಲ್ಲ. ಅಕ್ಕನಿಗೆ ಅದು ಕೇಳಿಸಿತು.

"ಇನ್ನೂ ಇಲ್ಲ. ನೀವು ವಿಮಾನ ಹತ್ತಿದ್ರಲ್ಲ, ಅದಕ್ಕೆ ತಡೆದಿದೆ."

"ಹಾಗಿದ್ರೆ ಹಿಂದಕ್ಕೆ ತಗೊಂಡ್ರಾಯ್ತಲ್ಲ," ಎಂದ ಕಟಿಂಗ್‌ನವನು. "ಹಿಂದೆ ಹೋಗೋ ಬಾಣ ಒತ್ತಿ."

"ಒತ್ತಿದ್ರೆ ಹಿಂದಕ್ಕೆ ಬರುತ್ತೋ, ಇನ್ನೊಂದು ಸಲ ಹೇಳಿದ ಹಾಗಾಗುತ್ತೋ ಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?"

"ನಂಗೇ ಗೊತ್ತಿಲ್ಲ."

ಅವಳು ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಫೋನಿನಿಂದ ಕಂಪನಿಯ ಸಹಾಯಕ್ಕೆ ಬರೆದಳು. ಅಳಿಸುವ ಕೋರಿಕೆ ರದ್ದು ಮಾಡುವುದು ಹೇಗೆ. ನಿಮ್ಮ ಕಾಳಜಿ ನಮಗೆ ಮುಖ್ಯ ಎಂದು ಉತ್ತರ ಬಂತು. ಇದು ತುರ್ತು ಎಂದು ಬರೆದಳು. ನಿಮ್ಮ ಕಾಳಜಿ ನಮಗೆ ಮುಖ್ಯ. ಅಲ್ಲಿ ಮನುಷ್ಯರು ಇದ್ದೀರಾ ಎಂದು ಬರೆದಳು. ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಎಂದು ಬಂತು. ಬೇರೆ ದಿನವಾಗಿದ್ದರೆ ಮರುಬೆಳಗಿನ ಮಾತಿಗೆ ಇಷ್ಟೇ ಸಾಕಿತ್ತು.

"ಆರು ಗಂಟೆಗೆ ಆಪ್ ತಾನೇ ಮುಚ್ಕೊಳ್ಳುತ್ತೆ," ಎಂದಳು. "ಆಮೇಲೆ ತೆರೆಯಲ್ಲ."

"ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ?" ಎಂದ ಕಟಿಂಗ್‌ನವನು.

"ಆಗಬಹುದು. ಆಗದೇನೂ ಇರಬಹುದು. ಪ್ರಯೋಗ ಮಾಡಿ ನೋಡೋ ವಸ್ತು ಅಲ್ಲ ಇದು."

ಮಾವ ಬಟ್ಟೆಯೊಳಗಿಂದ ಕೈ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಬೈದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು.

"ಮಾವ, ದಿನಾ ಕೇಳ್ತಿದ್ರಾ ಅತ್ತೆಯ ದನಿ?"

"ಹೂಂ. ಒಂದಾದ ಮೇಲೊಂದು. ಮುಗಿದ್ರೆ ಮತ್ತೆ ಮೊದಲಿಂದ."

"ಹಾಗಿದ್ರೆ ಕೇಳಿದ್ದೆಲ್ಲ ಈ ಫೋನಲ್ಲೇ ಒಂದು ಕಡೆ ಕೂತಿರುತ್ತೆ. ಸಂಪರ್ಕ ಇಲ್ಲದೇನೂ ನುಡಿಯುತ್ತೆ. ಆಪ್‌ನಿಂದ ಹೊರಗೆ ತೆಗೆಯೋಕೆ ನನ್ನ ಕೈಲಾಗಲ್ಲ. ಗಟ್ಟಿಯಾಗಿ ನುಡಿಸೋಣ, ನನ್ನ ಫೋನಲ್ಲಿ ಹಿಡಿಯೋಣ." ಕಟಿಂಗ್‌ನವನ ಕಡೆ ತಿರುಗಿದಳು. "ಶಟರ್ ಎಳೀತೀಯಾ? ಸದ್ದು ಇರಬಾರದು."

ಅವನು ಫ್ಯಾನ್ ಆರಿಸಿದ. ರೇಡಿಯೋದ ಪ್ಲಗ್ಗನ್ನೇ ಕಿತ್ತ. ಶಟರನ್ನು ಅರ್ಧ ಎಳೆದು, "ನಾನು ಹೊರಗೆ ನಿಲ್ತೀನಿ. ಇಲ್ಲಿ ಒಬ್ಬ ಹಾರ್ನ್ ಹೊಡೆದ್ರೂ ಕತ್ತರಿ ತೋರಿಸ್ತೀನಿ" ಎಂದು ಬಗ್ಗಿ ಆಚೆ ಹೋಗಿ, ಪೂರ್ತಿ ಎಳೆದ.

ಕ್ರೀಮು, ಪೌಡರಿನ ವಾಸನೆಯ ಅರೆಗತ್ತಲಲ್ಲಿ ಇಬ್ಬರೇ ಉಳಿದರು. ಹಣಿಗೆ, ಕತ್ತರಿಗಳನ್ನು ಸರಿಸಿ ಅಕ್ಕ ಎರಡೂ ಫೋನನ್ನು ಮುಖಾಮುಖಿ ಮಲಗಿಸಿದಳು. ತನ್ನದರಲ್ಲಿ ಕೆಂಪು ಚುಕ್ಕಿ ಒತ್ತಿ, ಮಾವನದರಲ್ಲಿ ಮೊದಲನೆಯದನ್ನು ಮುಟ್ಟಿದಳು. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ, "ಗ್ಯಾಸ್ ಮುಗೀತು. ಬೇಗ ಬನ್ನಿ ಅಂತಲ್ಲ, ಹೇಳ್ದೆ ಅಷ್ಟೆ" ಎಂದಿತು ಒಂದು ಹೆಂಗಸಿನ ದನಿ. ಮಾವ ಕಣ್ಣು ಮುಚ್ಚಿದರು.

"ಮುಂದಿನದು, ಮಾವ," ಎಂದು ಅಕ್ಕ ಪಿಸುಗುಟ್ಟಿದಳು. ಎಲ್ಲಿ ಬೆರಳಿಡಬೇಕೆಂದು ಅವರಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಅವಳು ಆ ಕೆಲಸ ಅವರಿಗೇ ಬಿಟ್ಟಳು.

ಮಗನ ಜ್ವರ. ಕೆಳಗಿನ ಮನೆಯ ಜಗಳ, ಮತ್ತದರ ಎರಡನೆಯ ಭಾಗ. "ಈರುಳ್ಳಿ ಮರೀಬೇಡಿ." "ಈರುಳ್ಳಿ ಮರ್ತಿರ್ತೀರಿ, ನಂಗೊತ್ತು." ನಿಲ್ಲಿಸಿ ನಿಲ್ಲಿಸಿ ಆಡಿದ ಮಾತು, ನಡುವೆ ಕುಕ್ಕರಿನ ಸೀಟಿ. ಗೋಡೆಯ ಗಡಿಯಾರದ ಮುಳ್ಳು ಅಕ್ಕನ ಕಣ್ಣೆದುರೇ ಇತ್ತು. ಕೆಮ್ಮು ಎದೆಯಿಂದ ಮೇಲೇರತೊಡಗಿತು. ಸೆರಗು ಬಾಯಿಗೊತ್ತಿಕೊಂಡಳು, ಉಸಿರು ಬಿಗಿಹಿಡಿದಳು, ಕಣ್ಣಲ್ಲಿ ನೀರು ಬಂತು. ತಡೆಯಲಾಗಲಿಲ್ಲ. ಒಮ್ಮೆ ಬಂದದ್ದು ಮತ್ತೆ ಮತ್ತೆ ಬಂತು. ಅವಳ ಕೆಲಸದಲ್ಲಿ ಕೆಮ್ಮು ಬಂದರೆ ಮೊದಲಿನಿಂದ ಹೇಳುವ ಪದ್ಧತಿ. ಇಲ್ಲಿ ಮೊದಲಿನಿಂದ ಮಾಡಲು ಹೊತ್ತಿರಲಿಲ್ಲ.

"ನಿಲ್ಲಿಸ್ಲಾ?" ಎಂದು ಮಾವ ಸನ್ನೆಯಲ್ಲಿ ಕೇಳಿದರು. ಬೇಡ ಎಂದು ತಲೆಯಾಡಿಸಿದಳು. "ಮುಂದಿನದು, ಮಾವ."

ಹೊರಗೆ ಕಟಿಂಗ್‌ನವನು ಯಾರಿಗೋ "ಹೋಗ್ರೀ, ಒಳಗೆ ಆಪರೇಷನ್ ನಡೀತಿದೆ" ಎನ್ನುವುದು ಕೇಳಿಸಿತು. ಅಕ್ಕನ ಫೋನು ಹಿಡಿಯುತ್ತಿದ್ದ ದನಿಗೆ ಅದೂ ಸೇರಿಕೊಂಡಿತು.

ಇನ್ನು ಕೆಲವು ಉಳಿದಿರುವಾಗ ಪರದೆ ಬೆಳ್ಳಗಾಯಿತು. ಯಾವ ಸದ್ದೂ ಮಾಡಲಿಲ್ಲ. ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದ ಎಂಬ ಸಾಲು ಬಂದು ಅದೂ ಹೋಯಿತು. ಗಡಿಯಾರದಲ್ಲಿ ಆರು.

ಅಕ್ಕ ತನ್ನ ಫೋನಿನ ಕೆಂಪು ಚುಕ್ಕಿ ಆರಿಸಿ, ಹಿಡಿದದ್ದು ಸರಿಯಾಗಿ ಬಂದಿದೆಯೇ ಎಂದು ಎರಡು ಕಡೆ ಕೇಳಿ ನೋಡಿದಳು. ಬಂದಿತ್ತು. ಅದನ್ನು ಮಾವನ ಫೋನಿಗೆ ಹಾಕಿಕೊಟ್ಟಳು.

"ಕೊನೇವು ಸಿಗಲಿಲ್ಲ ಮಾವ. ನಾನು ಬೇಗ ಹೊರಡಬೇಕಿತ್ತು."

"ಆ ಕೊನೇವು ನಂಗೆ ಬಾಯಿಪಾಠ." ಮಾವ ಕೊರಳಿನ ಬಟ್ಟೆ ಬಿಚ್ಚಿ ಮಡಿಸತೊಡಗಿದರು. ಅಂಚಿಗೆ ಅಂಚು ಸೇರಿಸಿ ನಿಧಾನವಾಗಿ ಮಡಿಸಿದರು. "ಇನ್ಮೇಲೆ ನಿನ್ನ ಮಾತು ಕೇಳಲ್ಲ ಅಂತಲ್ಲ. ಕೇಳ್ತೀನಿ. ಒತ್ತೋಕೆ ಮುಂಚೆ ಓದ್ತೀನಿ."

ಅಷ್ಟೇ ಹೇಳಿದ್ದು. ಶಟರ್ ಎತ್ತಿದ ಕಟಿಂಗ್‌ನವನು, "ಅರ್ಧ ತಲೆಯಲ್ಲಿ ಮನೆಗೆ ಹೋದ್ರೆ ಸೊಸೆ ಬಾಗಿಲು ತೆಗೆಯಲ್ಲ, ಕೂತ್ಕೊಳ್ಳಿ" ಎಂದು ಮಾವನನ್ನು ಮತ್ತೆ ಕುರ್ಚಿಗೆ ಒತ್ತಿದ.

ಮರುದಿನದ ಸಂದೇಶದಲ್ಲಿ ಹೊಸ ಫೋನಿನ ಸುದ್ದಿಯಿರಲಿಲ್ಲ, ತಮಾಷೆಯಿರಲಿಲ್ಲ. "ನಿನ್ನೆ ನಾನು ನನ್ನ ಫೋನು ನೋಡಿ ನಿಮ್ಮ ಫೋನಿನ ಬಗ್ಗೆ ಹೇಳಿದೆ. ಹೋದದ್ದು ನಿಮ್ಮದು. ಇನ್ಮುಂದೆ ಹಳೇ ಫೋನಲ್ಲಿ ನೋಡದೆ ಏನೂ ಹೇಳಲ್ಲ. ನೀವೂ ಕಣ್ಣು ಮುಚ್ಕೊಂಡು ಏನೂ ಒತ್ತಬೇಡಿ. ನಾನು ಹೇಳಿದ್ರೂ." ಒಂದು ದಿನವಿದ್ದು ಅದೂ ಮಾಯವಾಯಿತು. ಆದರೆ ಅಕ್ಕ, ಉಪ್ಪು ಜನರ ಬಾಯಲ್ಲಿ ಉಳಿದವು. ಹೂವಿನಂಗಡಿಯವಳು ಈಗಲೂ ಫೋನು ಹಿಡಿದುಕೊಂಡು, "ಇದು ಅಕ್ಕನಾ ಉಪ್ಪಾ ನೋಡಿ ಹೇಳಿ" ಎಂದು ಗಿರಾಕಿಗಳನ್ನು ಕೇಳುತ್ತಾಳೆ.

ಕೆಮ್ಮು ಬರಿಯ ಕೆಮ್ಮಾಗಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯ ಮಂಚದಿಂದಲೂ ಕೆಲವು ಬೆಳಿಗ್ಗೆ ಮಾತಾಡಿದಳು, ಪಕ್ಕದಲ್ಲಿ ಭಾವನಿಂದ ತರಿಸಿಕೊಂಡ ಹಳೆಯ ಫೋನು. ಆಮೇಲೆ ನಿಲ್ಲಿಸಿದಳು. ಗಂಟಲಿಗೆ ವಿಶ್ರಾಂತಿ ಎಂದು ಎಲ್ಲರಿಗೂ ಬರೆದು ತಿಳಿಸಿದಳು.

ಅವಳು ಹೋಗಿ ಕೆಲವು ವಾರಗಳಾದ ಮೇಲೆ ಡ್ರೈವರ್ ಮಾವ ಗೆಳತಿಯ ಮನೆಗೆ ಬಂದರು. ಅಕ್ಕ ಅರೆಬರೆ ಹೇಳಿದ್ದ ಆ ದಿನದ ಕಥೆ ಅವಳಿಗೆ ಪೂರ್ತಿ ತಿಳಿದದ್ದು ಆಗಲೇ. ಮಾವ ಕುರ್ಚಿಯ ಅಂಚಿನಲ್ಲಿ ಕೂತು ಫೋನನ್ನು ಮೇಜಿನ ಮೇಲಿಟ್ಟರು.

"ಒಂದು ಮಾತು ಕೇಳೋಕೆ ಬಂದೆ. ಕಟಿಂಗ್ ಶಾಪಿನವನು ಹೇಳ್ದ, ಹೊಸದೇನೋ ಬಂದಿದೆಯಂತೆ. ಹಿಂದಿನ ಸದ್ದೆಲ್ಲ ತೆಗೆದು ಬೇಕಾದ ದನಿ ಒಂದನ್ನೇ ಇಡುತ್ತಂತೆ. ಅಕ್ಕ ಇದ್ದಿದ್ರೆ ಅವಳನ್ನೇ ಕೇಳ್ತಿದ್ದೆ." ಎಂದು, ಅವತ್ತು ಅಕ್ಕ ಹಿಡಿದುಕೊಟ್ಟ ದನಿಯನ್ನು ಒತ್ತಿದರು.

ಕುಕ್ಕರಿನ ಸೀಟಿ. ಈರುಳ್ಳಿಯ ಮಾತು. ಅದು ಮುಗಿದ ಕೂಡಲೇ ಹತ್ತಿರದಿಂದ, ತೀರ ಹತ್ತಿರದಿಂದ, ಒಣಕೆಮ್ಮು. ತಡೆಯಲು ನೋಡಿ ಸೋತ, ಉದ್ದನೆಯ ಕೆಮ್ಮು. ಆಮೇಲೆ ಉಸಿರೆಳೆದುಕೊಂಡು, "ಮುಂದಿನದು, ಮಾವ" ಎಂಬ ಪಿಸುಮಾತು. ಅದರ ಹಿಂದೆಯೇ ಮಾವನ ಹೆಂಡತಿ, ಎಷ್ಟೋ ವರ್ಷಗಳ ಹಿಂದೆ ಬಸ್ಸಿನಲ್ಲಿದ್ದ ಗಂಡನಿಗೆ: "ಬೆಳಿಗ್ಗೆಯಿಂದ ಕೆಮ್ತಾನೇ ಇದೀರಿ. ಬಾಟ್ಲಲ್ಲಿ ಬಿಸಿನೀರು ಹಾಕಿದೀನಿ, ಕುಡೀರಿ. ಮರೀಬೇಡಿ."

ಗೆಳತಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಮಾವ ಫೋನಿನ ದನಿ ನಿಲ್ಲಿಸಿದರು.

"ಏನ್ ಮಾಡ್ಲಿ? ಈ ಕೆಮ್ಮು ತೆಗೆಸ್ಲಾ?"

"ಉಳಿಸಿ ಮಾವ," ಎಂದಳು ಅವಳು, ಬೆನ್ನು ತಿರುಗಿಸಿಯೇ.

"ಏನು? ಸರಿಯಾಗಿ ಕೇಳಿಸ್ಲಿಲ್ಲ."

ಅವಳು ತಿರುಗಿ, ಅವರ ಮುಖ ನೋಡುತ್ತ, ಬಿಡಿಸಿ ಹೇಳಿದಳು. "ಉಪ್ಪು ಮಾವ. ಉಪ್ಪು."

"ಹಾಗೆ ಹೇಳು," ಎಂದರು ಮಾವ. ಕನ್ನಡಕ ಏರಿಸಿಕೊಂಡು, ಫೋನನ್ನು ಬೆಳಕಿಗೆ ಹಿಡಿದು, ಏನನ್ನೂ ಒತ್ತುವ ಮುಂಚೆ ಓದತೊಡಗಿದರು.